ಗಡಿಯರಿಯದ ಕಡಲಾಮೆ: ದಂಡೆಯಿಂದ ಕಡಲಿಗೆ ಸಾಗಿದ ಸಂಶೋಧನೆಯ ಹಾದಿ

2025ರ ಜನವರಿಯಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗುಹಾಗರದ ಮರಳದಂಡೆಗೆ ಆಲಿವ್ ರಿಡ್ಲೆ ಜಾತಿಯ ಹೆಣ್ಣು ಕಡಲಾಮೆಯೊಂದು ಮೊಟ್ಟೆಯಿಡಲು ಬಂದಿತು. ಅದರ ಈಜುಗಾಲಿಗೆ ಲೋಹದ ಗುರುತುಪಟ್ಟಿಯೊಂದನ್ನು ತೊಡಿಸಲಾಗಿತ್ತು. ಅದರ ಮೇಲಿದ್ದ ಸಂಖ್ಯೆ 03233. ದಾಖಲೆಗಳನ್ನು ಪರಿಶೀಲಿಸಿದಾಗ ಆ ಪಟ್ಟಿಯನ್ನು ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಸಂಶೋಧಕರು 2021ರ ಮಾರ್ಚ್ ತಿಂಗಳಿನಲ್ಲಿ ಒಡಿಶಾದ ಗಹಿರ್‌ಮಥಾ ದಂಡೆಯಲ್ಲಿ ತೊಡಿಸಿದ್ದರೆಂದು ತಿಳಿಯಿತು. ಬಂಗಾಳ ಕೊಲ್ಲಿಯ ದಡದಲ್ಲಿ ಮೊಟ್ಟೆಯಿಟ್ಟ ಜೀವಿಯೊಂದು ಸುಮಾರು 3,500 ಕಿಲೋಮೀಟರು ದೂರದ ಅರಬ್ಬಿ ಸಮುದ್ರದ ದಡದಲ್ಲಿಯೂ ಮೊಟ್ಟೆಯಿಟ್ಟಿತ್ತು. ಪೂರ್ವ ಕರಾವಳಿಯ ಆಮೆಗಳು ಬೇರೆ, ಪಶ್ಚಿಮ ಕರಾವಳಿಯ ಆಮೆಗಳು ಬೇರೆ ಎಂದು ಬಹುಕಾಲದಿಂದ ನಡೆದುಬಂದಿದ್ದ ಗ್ರಹಿಕೆಯನ್ನು ಮರುಪರಿಶೀಲಿಸಬೇಕೆಂಬ ಒತ್ತಾಯವನ್ನು ಈ ಒಂದು ಸಂಖ್ಯೆ ಮುಂದಿಟ್ಟಿತು.

ಅದಕ್ಕೆ ಎರಡು ವರ್ಷ ಮೊದಲು, 2023ರ ಫೆಬ್ರವರಿಯಲ್ಲಿ, ಇದೇ ಗುಹಾಗರದಲ್ಲಿ ಉಪಗ್ರಹ ಸಂಕೇತಕವನ್ನು ಅಳವಡಿಸಿ ಕಡಲಿಗೆ ಬಿಟ್ಟ 'ಬಾಗೇಶ್ರೀ' ಎಂಬ ಆಮೆ ದಕ್ಷಿಣಾಭಿಮುಖವಾಗಿ ಸಾಗಿ, ಶ್ರೀಲಂಕೆಯನ್ನು ಬಳಸಿ ಬಂಗಾಳ ಕೊಲ್ಲಿಯನ್ನು ಸೇರಿತ್ತು. ಮಹಾರಾಷ್ಟ್ರದಿಂದ ಹೊರಟು ಆ ಕೊಲ್ಲಿಯನ್ನು ಸೇರಬೇಕಾದರೆ ಗೋವಾ, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡುಗಳ ಎದುರಿನ ಕಡಲನ್ನು ದಾಟದೆ ದಾರಿಯಿಲ್ಲ. ಭಾಷಾವಾರು ಪ್ರಾಂತ್ಯಗಳ ರಚನೆಯ ಬಳಿಕ ನೆಲದ ಮೇಲೆ ಎಳೆದ ಗೆರೆಗಳೇ ಕರಾವಳಿಯ ಸಮೀಪದ ಕಡಲಿನಲ್ಲಿಯೂ ಮೀನುಗಾರಿಕೆಯ ನಿಯಮಗಳ ಗೆರೆಗಳಾಗಿ ಮುಂದುವರಿದಿವೆ. ಆಮೆಯ ಬದುಕು ಈ ಗೆರೆಗಳನ್ನು ಅರಿಯದು. ಅದರ ರಕ್ಷಣೆಯ ಹೊಣೆಯಾದರೋ ಗೆರೆಗೆರೆಗೂ ಹಂಚಿಹೋಗಿದೆ. ಕಳೆದ ಐದು ದಶಕಗಳ ಸಂಶೋಧನೆಯನ್ನು ಅರ್ಥಮಾಡಿಕೊಳ್ಳಲು ಈ ವೈರುಧ್ಯವೇ ತಕ್ಕ ಪ್ರವೇಶದ್ವಾರ.

ಜಾತಿಗಳು ಮತ್ತು ಹೆಸರುಗಳು

ಜಗತ್ತಿನಲ್ಲಿ ಇಂದು ಏಳು ಜಾತಿಯ ಕಡಲಾಮೆಗಳಿವೆ. ಅವುಗಳಲ್ಲಿ ಐದು ಭಾರತದ ಕಡಲಿನಲ್ಲಿ ಕಾಣಸಿಗುತ್ತವೆ: ಆಲಿವ್ ರಿಡ್ಲೆ, ಹಸಿರು ಕಡಲಾಮೆ, ಗಿಡುಗನ ಕೊಕ್ಕಿನಂಥ ಮೂತಿಯುಳ್ಳ ಹಾಕ್ಸ್‌ಬಿಲ್, ತೊಗಲಿನ ಬೆನ್ನಿನ ಲೆದರ್‌ಬ್ಯಾಕ್ ಹಾಗೂ ದೊಡ್ಡ ತಲೆಯ ಲಾಗರ್‌ಹೆಡ್. ಮೊದಲ ನಾಲ್ಕು ಜಾತಿಗಳು ಭಾರತದ ದಂಡೆಗಳಲ್ಲಿ ಮೊಟ್ಟೆಯಿಡುತ್ತವೆ. ಕೊಂಕಣದಿಂದ ಕೇರಳದವರೆಗಿನ ದಂಡೆಗೆ ಬರುವುದು ಬಹುಮಟ್ಟಿಗೆ ಆಲಿವ್ ರಿಡ್ಲೆಯೇ. ಸುಮಾರು 60ರಿಂದ 70 ಸೆಂಟಿಮೀಟರು ಉದ್ದದ ಚಿಪ್ಪು, 35ರಿಂದ 50 ಕಿಲೋ ತೂಕ. ಕಡಲಾಮೆಗಳಲ್ಲಿ ಇದು ಚಿಕ್ಕ ಗಾತ್ರದ ಜಾತಿ. 500 ಕಿಲೋ ಮೀರಿ ಬೆಳೆಯಬಲ್ಲ ಲೆದರ್‌ಬ್ಯಾಕ್ ಈ ಕುಲದ ದೈತ್ಯ.

ಭಾಷಾವಿಜ್ಞಾನಿಗಳಿಗೆ ಈ ಜೀವಿಯ ಹೆಸರಿನಲ್ಲಿಯೂ ಒಂದು ಕರಾವಳಿ ಕಾಣಿಸುತ್ತದೆ. ಕನ್ನಡದ 'ಆಮೆ', ತುಳುವಿನ 'ಏಮೆ', ಮಲಯಾಳದ 'ಆಮ', ತಮಿಳಿನ 'ಆಮೈ' ಇವು ಒಂದೇ ಬೇರಿನ ಸೋದರ ಪದಗಳು. ತೆಲುಗಿನ 'ತಾಬೇಲು' ಎಂಬುದನ್ನೂ ನಿಘಂಟುಕಾರರು ಇದೇ ಗುಂಪಿನಲ್ಲಿಡುತ್ತಾರೆ. ಕೊಂಕಣಿ ಮತ್ತು ಮರಾಠಿಗಳ 'ಕಾಸವ' ಸಂಸ್ಕೃತದ 'ಕಚ್ಛಪ'ದಿಂದ ಇಳಿದುಬಂದದ್ದು. ಗೋವಾದ ಕಾಣಕೋಣದಿಂದ ನೀಲೇಶ್ವರದವರೆಗೆ ದಂಡೆಯ ಮೇಲೆ ನಡೆಯುವವನು ಒಂದೇ ಜೀವಿಯನ್ನು ಕನಿಷ್ಠ ನಾಲ್ಕು ಭಾಷೆಗಳಲ್ಲಿ ಕರೆಯುವುದನ್ನು ಕೇಳಬಲ್ಲ. ಆ ಜೀವಿಯ ಕುರಿತ ವ್ಯವಸ್ಥಿತ ಜ್ಞಾನ ಮಾತ್ರ ಹೆಚ್ಚಿನಂಶ ಇಂಗ್ಲಿಷಿನಲ್ಲಿಯೇ ಸಂಗ್ರಹಗೊಂಡಿದೆ. ಈ ಅಂತರದ ಪರಿಣಾಮ ಲೇಖನದ ಕೊನೆಯ ಭಾಗದಲ್ಲಿ ಮತ್ತೆ ಚರ್ಚೆಗೆ ಬರಲಿದೆ.

ದಂಡೆಯ ಮೇಲೆ ನಡೆದವರು

ಭಾರತದಲ್ಲಿ ಕಡಲಾಮೆಯ ಅಧ್ಯಯನ ಆರಂಭವಾದದ್ದು ಕಾಲ್ನಡಿಗೆಯಿಂದ. 1970ರ ದಶಕದಲ್ಲಿ ಮದರಾಸಿನ ಹಾವಿನ ಉದ್ಯಾನದ ಸುತ್ತ ನೆರೆದ ತರುಣರು ರಾತ್ರಿಯ ಹೊತ್ತು ದಂಡೆಯುದ್ದಕ್ಕೂ ನಡೆದು ಆಮೆಯ ಗೂಡುಗಳನ್ನು ಹುಡುಕತೊಡಗಿದರು. ಅವರಲ್ಲೊಬ್ಬರಾದ ಸತೀಶ್ ಭಾಸ್ಕರ್ ಮುಂದೆ ದೇಶದ ಕರಾವಳಿಯನ್ನು 4,000 ಕಿಲೋಮೀಟರಿಗೂ ಮಿಗಿಲಾಗಿ ನಡೆದರು. ಹಸಿರು ಕಡಲಾಮೆಗಳು ಮಳೆಗಾಲದಲ್ಲಿ ಮೊಟ್ಟೆಯಿಡುವುದನ್ನು ದಾಖಲಿಸುವ ಸಲುವಾಗಿ 1982ರಲ್ಲಿ ಲಕ್ಷದ್ವೀಪದ ಸುಹೇಲಿ ವಲಿಯಕರ ಎಂಬ ನಿರ್ಜನ ದ್ವೀಪದಲ್ಲಿ ಅವರು ಐದು ತಿಂಗಳು ಒಂಟಿಯಾಗಿ ಉಳಿದರು. ಮಳೆಗಾಲ ಕಳೆಯುವವರೆಗೆ ಅಲ್ಲಿಗೆ ದೋಣಿ ಹೋಗುವಂತಿರಲಿಲ್ಲ. ಹೆಂಡತಿಗೆ ಬರೆದು ಬಾಟಲಿಯಲ್ಲಿಟ್ಟು ಕಡಲಿಗೆ ಎಸೆದ ಅವರ ಪತ್ರ ಶ್ರೀಲಂಕೆಯ ದಡದಲ್ಲಿ ಸಿಕ್ಕಿ, ಅಲ್ಲಿಂದ ಮನೆಗೆ ತಲಪಿತು. ಯಾವ ದಂಡೆಗೆ ಯಾವ ಜಾತಿ, ಯಾವ ತಿಂಗಳಿನಲ್ಲಿ ಬರುತ್ತದೆ ಎಂಬ ಪ್ರಾಥಮಿಕ ನಕ್ಷೆಯ ಬಹುಭಾಗ ಇಂಥ ನಡಿಗೆಗಳಿಂದಲೇ ಸಿದ್ಧವಾಯಿತು.

ಇದೇ ಕಾಲದಲ್ಲಿ ಒಡಿಶಾ ವಿದ್ವಲ್ಲೋಕದ ಗಮನ ಸೆಳೆಯಿತು. ಮೊಸಳೆ ಸಂರಕ್ಷಣೆಯ ಸಲಹೆಗಾರರಾಗಿ ಬಂದಿದ್ದ ಎಚ್. ಆರ್. ಬಸ್ಟರ್ಡ್ 1974ರಲ್ಲಿ ಗಹಿರ್‌ಮಥಾದ ಸಾಮೂಹಿಕ ಮೊಟ್ಟೆಯಿಡುವಿಕೆಯನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದರು. 1981ರಲ್ಲಿ ದೇವಿ ನದಿಯ ಮುಖ, 1994ರಲ್ಲಿ ಗಂಜಾಂ ಜಿಲ್ಲೆಯ ಋಷಿಕುಲ್ಯಾ ನದಿಯ ಮುಖ ಈ ಪಟ್ಟಿಗೆ ಸೇರಿದವು. 'ಕಂಡುಹಿಡಿದರು' ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ಬಳಸಬೇಕಾಗುತ್ತದೆ. ಗಹಿರ್‌ಮಥಾದಲ್ಲಿ ಆಮೆಯ ಮೊಟ್ಟೆಗಳನ್ನು ದೋಣಿಗಟ್ಟಲೆ ಸಂಗ್ರಹಿಸುವ ವ್ಯವಹಾರ ಅದಕ್ಕೂ ಮೊದಲೇ ನಡೆದಿತ್ತು. ದಡದ ಜನರಿಗೆ ತಿಳಿದಿದ್ದುದು ವಿಜ್ಞಾನದ ಭಾಷೆಗೆ ತಿಳಿದಿರಲಿಲ್ಲ ಎಂಬುದೇ ಸತ್ಯಕ್ಕೆ ಹತ್ತಿರದ ಮಾತು.

ಸ್ಪ್ಯಾನಿಷ್ ಭಾಷೆಯಲ್ಲಿ 'ಆಗಮನ' ಎಂಬರ್ಥದ 'ಅರಿಬಾಡಾ' ಎಂಬ ಪದದಿಂದ ಕರೆಯಲಾಗುವ ಈ ಸಾಮೂಹಿಕ ಮೊಟ್ಟೆಯಿಡುವಿಕೆ ರಿಡ್ಲೆ ಕುಲದ ಎರಡು ಜಾತಿಗಳಲ್ಲಿ ಮಾತ್ರ ಕಂಡುಬರುತ್ತದೆ. ಕೋಸ್ಟರಿಕಾದ ಒಸ್ತಿಯೊನಾಲ್, ಮೆಕ್ಸಿಕೊದ ಎಸ್ಕೊಬಿಯಾ ಹಾಗೂ ಒಡಿಶಾದ ದಂಡೆಗಳು ಅದಕ್ಕೆ ಪ್ರಸಿದ್ಧ. ಕೆಲವೇ ದಿನಗಳ ಅವಧಿಯಲ್ಲಿ ಒಂದೆರಡು ಕಿಲೋಮೀಟರುಗಳ ದಂಡೆಗೆ ಲಕ್ಷಾಂತರ ಆಮೆಗಳು ಏರಿಬರುತ್ತವೆ. ಒಮ್ಮೆಗೇ ಅಷ್ಟು ಮೊಟ್ಟೆಗಳೂ ಮರಿಗಳೂ ಇದ್ದರೆ ನಾಯಿ, ನರಿ, ಹದ್ದುಗಳು ಎಷ್ಟು ತಿಂದರೂ ಬಹುಪಾಲು ಉಳಿಯುತ್ತದೆ ಎಂಬುದು ಈ ನಡವಳಿಕೆಗೆ ನೀಡಲಾಗುವ ಪ್ರಮುಖ ವಿವರಣೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ತಡವಾಗಿ ಬಂದ ಆಮೆಗಳು ಮೊದಲು ಬಂದವುಗಳ ಗೂಡುಗಳನ್ನು ಅಗೆದುಹಾಕುತ್ತವೆ. ಒಡೆದ ಮೊಟ್ಟೆಗಳಿಂದ ಮರಳಿನಲ್ಲಿ ಸೂಕ್ಷ್ಮಾಣುಗಳು ಹೆಚ್ಚಿ ಉಳಿದ ಮೊಟ್ಟೆಗಳಿಗೂ ಕೇಡು ತಟ್ಟುತ್ತದೆ.

ಇಷ್ಟು ಆಮೆಗಳನ್ನು ಎಣಿಸುವುದು ಹೇಗೆ? ದಂಡೆಗೆ ಅಡ್ಡವಾಗಿ ನಿರ್ದಿಷ್ಟ ಅಗಲದ ಪಟ್ಟಿಗಳನ್ನು ಗುರುತಿಸಿ, ಇಂತಿಷ್ಟು ಹೊತ್ತಿಗೊಮ್ಮೆ ಆ ಪಟ್ಟಿಯೊಳಗೆ ಮೊಟ್ಟೆಯಿಡುತ್ತಿರುವ ಆಮೆಗಳನ್ನಷ್ಟೇ ಲೆಕ್ಕಹಾಕಿ, ಅದರಿಂದ ಒಟ್ಟು ಸಂಖ್ಯೆಯನ್ನು ಅಂದಾಜಿಸಲಾಗುತ್ತದೆ. ಋಷಿಕುಲ್ಯಾದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ದಕ್ಷಿಣ್ ಫೌಂಡೇಶನ್ನಿನ ಸಂಶೋಧಕರು 2008ರಿಂದ ದೀರ್ಘಕಾಲಿಕ ಅಧ್ಯಯನ ನಡೆಸಿಕೊಂಡು ಬಂದಿದ್ದಾರೆ. ಕೆಲವು ವರ್ಷಗಳಲ್ಲಿ ಸಾಮೂಹಿಕ ಆಗಮನ ನಡೆಯದೆಯೇ ಹೋಗುತ್ತದೆ; 2025ರಲ್ಲಾದರೋ ಅಲ್ಲಿ ಸುಮಾರು 7 ಲಕ್ಷ ಆಮೆಗಳು ಬಂದವೆಂದು ಸರಕಾರಿ ಅಂದಾಜು ಹೇಳಿತು. ಹೀಗೆ ಏರಿಳಿಯುವ ಸಂಖ್ಯೆಯಿಂದ ಒಂದು ವರ್ಷದ ಹಿಗ್ಗನ್ನಾಗಲಿ ಇನ್ನೊಂದು ವರ್ಷದ ಆತಂಕವನ್ನಾಗಲಿ ಜಾತಿಯ ಭವಿಷ್ಯವೆಂದು ಓದಲಾಗದು. ಹುಟ್ಟಿದ ಮರಿ ಪ್ರಾಯಕ್ಕೆ ಬರಲು ಹತ್ತರಿಂದ ಹದಿನೆಂಟು ವರ್ಷ ಬೇಕಾಗುವ ಜೀವಿಯ ಲೆಕ್ಕವನ್ನು ದಶಕಗಳ ಅಳತೆಯಲ್ಲಿಯೇ ಇಡಬೇಕಾಗುತ್ತದೆ.

ಹುಟ್ಟಿದ ದಡಕ್ಕೆ ಮರಳುವ ದಾರಿ

ಹೆಣ್ಣಾಮೆ ತಾನು ಹುಟ್ಟಿದ ಪ್ರದೇಶಕ್ಕೇ ಮೊಟ್ಟೆಯಿಡಲು ಮರಳುತ್ತದೆಂಬ ಊಹೆಯನ್ನು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಆರ್ಚೀ ಕಾರ್ ಬಲವಾಗಿ ಮಂಡಿಸಿದ್ದರು. ತಾಯಿಯಿಂದ ಮಾತ್ರ ಇಳಿದುಬರುವ ಮೈಟೊಕಾಂಡ್ರಿಯಾದ ವಂಶವಾಹಿ ಗುರುತುಗಳ ಅಧ್ಯಯನ ಆರಂಭವಾದ ಬಳಿಕ ಆ ಊಹೆಗೆ ಆಧಾರ ದೊರೆಯಿತು. ಮರಿಗಳು ದಿಕ್ಕನ್ನು ಅರಿಯುವ ಬಗೆಯನ್ನು ಕೆನ್ನೆತ್ ಲೋಮನ್ ಮತ್ತು ಅವರ ಸಂಗಡಿಗರು ಪ್ರಯೋಗಗಳಿಂದ ತೋರಿಸಿಕೊಟ್ಟರು. ತಂತಿ ಸುರುಳಿಗಳ ನಡುವೆ ಇರಿಸಿದ ನೀರಿನ ತೊಟ್ಟಿಯಲ್ಲಿ ಈಜುವ ಮರಿಗಳು ಸುತ್ತಲಿನ ಕಾಂತಕ್ಷೇತ್ರವನ್ನು ಬದಲಿಸಿದಾಗ ತಾವು ಈಜುವ ದಿಕ್ಕನ್ನೂ ಬದಲಿಸಿದವು. ದಂಡೆಯಲ್ಲಿ ಬೆಳಕು, ತೆರೆಯಲ್ಲಿ ಅಲೆಯ ದಿಕ್ಕು, ಆಳದಲ್ಲಿ ಭೂಮಿಯ ಕಾಂತತ್ವ: ಹೀಗೆ ಒಂದಾದ ಮೇಲೊಂದು ಗುರುತನ್ನು ಹಿಡಿದು ಮರಿ ಸಾಗುತ್ತದೆ.

ಕಾರ್ತಿಕ್ ಶಂಕರ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನ ಎರಡು ಸಂಗತಿಗಳನ್ನು ಮುಂದಿಟ್ಟಿತು. ಮೊದಲನೆಯದು, ಭಾರತದ ಪೂರ್ವ ಕರಾವಳಿಯ ಆಲಿವ್ ರಿಡ್ಲೆಗಳಲ್ಲಿ ಕಂಡುಬರುವ ವಂಶಶಾಖೆ ಬಹು ಪುರಾತನವಾದುದು. ಇತರ ಸಾಗರಗಳ ಆಲಿವ್ ರಿಡ್ಲೆಗಳು ಇದೇ ಮೂಲದಿಂದ ಹರಡಿರಬೇಕು. ಎರಡನೆಯದು, ಸಾಮೂಹಿಕವಾಗಿ ಮೊಟ್ಟೆಯಿಡುವ ಆಮೆಗಳಿಗೂ ಅದೇ ಕರಾವಳಿಯಲ್ಲಿ ಒಂಟಿಯಾಗಿ ಮೊಟ್ಟೆಯಿಡುವ ಆಮೆಗಳಿಗೂ ಅಂಥ ವಂಶಭೇದವಿಲ್ಲ. ಎರಡನೆಯ ಸಂಗತಿ ಸಂರಕ್ಷಣೆಯ ದೃಷ್ಟಿಯಿಂದ ಮಹತ್ವದ್ದು. ಲಕ್ಷ ಆಮೆಗಳು ಬರುವ ದಂಡೆಯಷ್ಟೇ ಮುಖ್ಯ, ವರ್ಷಕ್ಕೆ ಹತ್ತಿಪ್ಪತ್ತು ಗೂಡುಗಳಾಗುವ ದಂಡೆ ಗೌಣ ಎಂಬ ವಿಂಗಡಣೆಗೆ ಜೀವವಿಜ್ಞಾನದ ಬೆಂಬಲ ಅಷ್ಟಾಗಿ ಇಲ್ಲ. ಚಂಡಮಾರುತವೋ ನದಿಮುಖದ ಸ್ಥಾನಾಂತರವೋ ದೊಡ್ಡ ದಂಡೆಯನ್ನು ಅಳಿಸಿಹಾಕಿದಾಗ ಹರಡಿಕೊಂಡಿರುವ ಸಣ್ಣ ದಂಡೆಗಳೇ ಜಾತಿಗೆ ಆಸರೆಯಾಗಬಲ್ಲವು. ಗುಹಾಗರದಲ್ಲಿ ಕಂಡ ಗುರುತುಪಟ್ಟಿ ಈ ವಾದಕ್ಕೆ ಇನ್ನಷ್ಟು ಬಲ ತುಂಬಿದೆ.

ಲೆದರ್‌ಬ್ಯಾಕ್ ಆಮೆಗಳ ಪಯಣ ಇದಕ್ಕಿಂತಲೂ ದೀರ್ಘ. ಲಿಟ್ಲ್ ಅಂಡಮಾನಿನಲ್ಲಿ ಉಪಗ್ರಹ ಸಂಕೇತಕ ತೊಡಿಸಿದ ಆಮೆಗಳಲ್ಲಿ ಕೆಲವು ಆಸ್ಟ್ರೇಲಿಯಾದ ಪಶ್ಚಿಮ ತೀರದತ್ತ, ಕೆಲವು ಆಫ್ರಿಕಾದತ್ತ ಸಾಗಿದವು. ಒಂದು ಆಮೆ ಸುಮಾರು 13,000 ಕಿಲೋಮೀಟರು ಈಜಿ ಮೊಜಾಂಬಿಕ್ ಸಮೀಪ ತಲಪಿತು. ಹೀಗಿರುವಾಗ ಒಂದು ದಂಡೆಯಲ್ಲಿ ಕೈಗೊಂಡ ನಿರ್ಧಾರದ ಫಲ ಒಂದು ಸಾಗರಕ್ಕೇ ಸಂಬಂಧಿಸಿದ್ದು. ಲೆದರ್‌ಬ್ಯಾಕ್‌ಗಳ ಪ್ರಮುಖ ನೆಲೆಯಾದ ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿ ಅಭಯಾರಣ್ಯವನ್ನು ಬಂದರು ಯೋಜನೆಯ ಸಲುವಾಗಿ 2021ರಲ್ಲಿ ಸಂರಕ್ಷಿತ ಪಟ್ಟಿಯಿಂದ ಕೈಬಿಟ್ಟದ್ದು ವಿದ್ವಾಂಸರಲ್ಲಿ ತೀವ್ರ ಚರ್ಚೆಗೆ ಗುರಿಯಾದುದು ಈ ಕಾರಣದಿಂದಲೇ.

ಮರಳಿನ ಬಿಸಿ ಮತ್ತು ಮೊಟ್ಟೆಯ ಬೇಲಿ

ಪಶ್ಚಿಮ ಕರಾವಳಿಯ ಸಂರಕ್ಷಣೆಯ ಇತಿಹಾಸ ಬಹುಮಟ್ಟಿಗೆ ಮೊಟ್ಟೆಗಳ ಇತಿಹಾಸ. ಕೇರಳದ ಕೋಳಿಕ್ಕೋಡು ಜಿಲ್ಲೆಯ ಪಯ್ಯೋಳಿ ಸಮೀಪದ ಕೊಳಾವಿಪಾಲದಲ್ಲಿ ಮೀನುಗಾರ ಯುವಕರು 1992ರಲ್ಲಿ 'ತೀರಂ' ಎಂಬ ಸಮಿತಿ ಕಟ್ಟಿಕೊಂಡು ಗೂಡುಗಳ ಕಾವಲಿಗೆ ನಿಂತರು. ಕಾಸರಗೋಡು ಜಿಲ್ಲೆಯ ನೀಲೇಶ್ವರದ ಬಳಿಯ ತೈಕಡಪ್ಪುರದಲ್ಲಿ 'ನೆಯ್ದಲ್' ಎಂಬ ಸಂಘಟನೆ ಇದೇ ಕೆಲಸವನ್ನು ಕೈಗೆತ್ತಿಕೊಂಡಿತು. ಗೋವಾದ ಮೊರ್ಜಿ, ಆಗೊಂದ, ಗಾಲ್ಜಿಬಾಗಗಳಲ್ಲಿ ಅರಣ್ಯ ಇಲಾಖೆಯೂ ಊರವರೂ ಕೈಜೋಡಿಸಿದರು. ರತ್ನಾಗಿರಿಯ ವೇಳಾಸ್ ಗ್ರಾಮ 2000ದ ದಶಕದಲ್ಲಿ ಆಮೆಯ ಉತ್ಸವಕ್ಕೆ ಹೆಸರಾಯಿತು. ಮೊಟ್ಟೆಯನ್ನು ತಿನ್ನುತ್ತಿದ್ದ, ಮಾರುತ್ತಿದ್ದ ದಡಗಳಲ್ಲಿಯೇ ಅದನ್ನು ಕಾಯುವ ಪೀಳಿಗೆಯೊಂದು ಮೂಡಿದ್ದು ಸಾಮಾಜಿಕ ಚರಿತ್ರೆಯ ದೃಷ್ಟಿಯಿಂದಲೂ ಗಮನಾರ್ಹ.

ಈ ದಂಡೆಗಳಲ್ಲಿ ಅನುಸರಿಸುವ ಮುಖ್ಯ ವಿಧಾನವೆಂದರೆ, ಗೂಡಿನಿಂದ ಮೊಟ್ಟೆಗಳನ್ನು ತೆಗೆದು ಬೇಲಿ ಹಾಕಿದ ಸುರಕ್ಷಿತ ಜಾಗದ ಮರಳಿನಲ್ಲಿ ಹೂತು ಮರಿಮಾಡುವುದು. ಇದನ್ನು ಹ್ಯಾಚರಿ ಎಂದೇ ಕರೆಯುವ ರೂಢಿಯಿದೆ. ಒಂದು ಗೂಡಿನಲ್ಲಿ ನೂರರಿಂದ ನೂರಿಪ್ಪತ್ತರಷ್ಟು ಮೊಟ್ಟೆಗಳಿರುತ್ತವೆ. ಮರಿಯಾಗಲು 45ರಿಂದ 60 ದಿನ ಬೇಕು. ಕೆಲಸ ಸರಳವಾಗಿ ಕಂಡರೂ ಅದರ ಹಿಂದೆ ಮೂರು ಸೂಕ್ಷ್ಮಗಳಿವೆ.

ಮೊದಲನೆಯದು ಹೊತ್ತು. ತಾಯಿಯ ಒಡಲಿನಲ್ಲಿರುವಾಗ ತಡೆಹಿಡಿದಂತಿರುವ ಭ್ರೂಣದ ಬೆಳವಣಿಗೆ ಮೊಟ್ಟೆ ಹೊರಬಿದ್ದ ಬಳಿಕ ಮರಳಿ ಆರಂಭವಾಗುತ್ತದೆ. ಕೆಲವು ಗಂಟೆಗಳಲ್ಲಿ ಭ್ರೂಣದ ಪೊರೆ ಮೊಟ್ಟೆಚಿಪ್ಪಿನ ಮೇಲುಭಾಗಕ್ಕೆ ಅಂಟಿಕೊಳ್ಳುತ್ತದೆ. ಆನಂತರ ಮೊಟ್ಟೆಯನ್ನು ಮಗುಚಿದರೆ ಪೊರೆ ಹರಿದು ಭ್ರೂಣ ಸಾಯುತ್ತದೆ. ಆದ್ದರಿಂದ ಮೊಟ್ಟೆಗಳನ್ನು ಸ್ಥಳಾಂತರಿಸುವುದಾದರೆ ಇಟ್ಟ ಕೆಲವೇ ಗಂಟೆಗಳೊಳಗೆ, ಹೊರಳಿಸದೆ ಮಾಡಬೇಕು. ಬೆಳಗಾದ ಮೇಲೆ ನಿಧಾನವಾಗಿ ಬಂದು ಮೊಟ್ಟೆ ಒಯ್ಯುವ ಕಾಳಜಿ ಮೊಟ್ಟೆಗೇ ಮುಳುವಾಗಬಹುದು.

ಎರಡನೆಯದು ಬಿಸಿ. ಕಡಲಾಮೆಯ ಮರಿ ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದು ವರ್ಣತಂತುವಲ್ಲ, ಮರಳಿನ ಉಷ್ಣತೆ. ಕಾವಿನ ಅವಧಿಯನ್ನು ಮೂರು ಪಾಲು ಮಾಡಿದರೆ ನಡುವಿನ ಪಾಲಿನ ಉಷ್ಣತೆ ನಿರ್ಣಾಯಕ. ಸುಮಾರು 29ರಿಂದ 31 ಡಿಗ್ರಿ ಸೆಲ್ಸಿಯಸ್ ನಡುವೆ ಸಮಾನ ಪ್ರಮಾಣದ ಗಂಡು ಹೆಣ್ಣು ಹುಟ್ಟುವ ಬಿಂದುವಿದೆ. ಅದಕ್ಕಿಂತ ಬಿಸಿಯಾದರೆ ಹೆಣ್ಣು, ತಂಪಾದರೆ ಗಂಡು. ಇನ್ನೂ ಏರಿ 35 ಡಿಗ್ರಿಯ ಸಮೀಪಕ್ಕೆ ಹೋದರೆ ಭ್ರೂಣವೇ ಉಳಿಯದು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಉತ್ತರಭಾಗದಲ್ಲಿ ಹುಟ್ಟಿದ ಎಳೆಯ ಹಸಿರು ಕಡಲಾಮೆಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಹೆಣ್ಣೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದಾಗ ಇದು ಪಠ್ಯಪುಸ್ತಕದ ಸಂಗತಿಯಾಗಿ ಉಳಿಯಲಿಲ್ಲ. ಸಣ್ಣ ದಂಡೆಗಳ ಮಟ್ಟಿಗೆ ಇದರ ಅರ್ಥ ನೇರವಾದುದು. ನೆರಳಿಲ್ಲದ ಬಯಲಿನಲ್ಲಿ, ಕಡಿಮೆ ಆಳದಲ್ಲಿ, ಎಲ್ಲ ಗೂಡುಗಳನ್ನೂ ಒಂದೇ ಕಡೆ ಹೂಳುವ ಹ್ಯಾಚರಿ ತನಗರಿವಿಲ್ಲದೆ ಒಂದೇ ಲಿಂಗದ ಮರಿಗಳನ್ನು ಕಡಲಿಗೆ ಕಳುಹಿಸುತ್ತಿರಬಹುದು. ದಂಡೆಯ ಸಹಜ ಗೂಡುಗಳಲ್ಲಿ ಕೆಲವು ನೀರಿಗೆ ಹತ್ತಿರ, ಕೆಲವು ಬಳ್ಳಿಗಳ ನೆರಳಿನಲ್ಲಿ, ಕೆಲವು ಋತುವಿನ ಆರಂಭದಲ್ಲಿ, ಕೆಲವು ಕೊನೆಯಲ್ಲಿ ಆಗುವುದರಿಂದ ಬಿಸಿಯ ವೈವಿಧ್ಯ ತಾನಾಗಿ ಒದಗುತ್ತದೆ. ಆದಕಾರಣ ಗೂಡು ಸುರಕ್ಷಿತವಾಗಿದ್ದರೆ ಇದ್ದಲ್ಲಿಯೇ ಕಾಯುವುದು, ಅಪಾಯವಿದ್ದಾಗ ಮಾತ್ರ ಸ್ಥಳಾಂತರಿಸುವುದು, ಸ್ಥಳಾಂತರಿಸಿದರೆ ಮರಳಿನ ಉಷ್ಣತೆಯನ್ನು ನಿತ್ಯ ದಾಖಲಿಸುವುದು ಇಂದಿನ ಸಂಶೋಧನೆ ಒಪ್ಪುವ ಕ್ರಮ.

ಮೂರನೆಯದು ಬಿಡುಗಡೆ. ಮರಳಿನಿಂದ ಮೇಲೆದ್ದ ಮರಿ ಮೊದಲ ಒಂದು ದಿನದಷ್ಟು ಕಾಲ ಬಿಡುವಿಲ್ಲದೆ ಈಜಬಲ್ಲ ಹುರುಪನ್ನು ಹೊತ್ತಿರುತ್ತದೆ. ದಡದ ಸಮೀಪದ ಬೇಟೆಗಾರ ಮೀನುಗಳಿಂದ ಪಾರಾಗಲು ಅದಕ್ಕಿರುವ ಬಂಡವಾಳ ಹೊಟ್ಟೆಯಲ್ಲುಳಿದ ಭಂಡಾರದ ಶಕ್ತಿ ಮಾತ್ರ. ಸಮಾರಂಭಕ್ಕೆಂದೋ ಅತಿಥಿಗಳಿಗೆಂದೋ ಮರಿಗಳನ್ನು ಬುಟ್ಟಿಯಲ್ಲಿ ಕಾಯಿಸಿಟ್ಟು ಹಗಲಿನಲ್ಲಿ ಬಿಟ್ಟರೆ ಆ ಬಂಡವಾಳ ದಂಡೆಯಲ್ಲಿಯೇ ಕರಗಿಹೋಗುತ್ತದೆ. ಮರಿಗಳು ಸಹಜವಾಗಿ ಮೇಲೇಳುವುದು ಮರಳು ತಂಪಾದ ರಾತ್ರಿಯಲ್ಲಿ. ಕಡಲ ಕಡೆಯ ತೆಳು ಬೆಳಕನ್ನು ಅರಸಿ, ಮರಗಿಡಗಳ ಕಪ್ಪು ನೆರಳಿಗೆ ಬೆನ್ನು ಮಾಡಿ ಅವು ಸಾಗುತ್ತವೆ. ದಂಡೆಯ ರಸ್ತೆದೀಪ, ರೆಸಾರ್ಟಿನ ದೀಪಗಳಿದ್ದಲ್ಲಿ ಅವು ದಿಕ್ಕು ತಪ್ಪಿ ಊರಕಡೆಗೆ ಹರಿದುಬರುವುದು ಇದರಿಂದಲೇ.

ಇಷ್ಟೆಲ್ಲ ಎಚ್ಚರ ವಹಿಸಿದರೂ ದಂಡೆಯೇ ಉಳಿಯದಿದ್ದರೆ ಫಲವಿಲ್ಲ. ಕಡಲ್ಕೊರೆತ ತಡೆಯಲು ಹಾಕುವ ಕಲ್ಲಿನ ಗೋಡೆಗಳು ಕೇರಳದ ಕರಾವಳಿಯ ಗಣನೀಯ ಭಾಗವನ್ನು ಆವರಿಸಿವೆ. ಗೋಡೆಯಿರುವಲ್ಲಿ ಆಮೆ ಏರಿಬರಲಾರದು. ಕೊಳಾವಿಪಾಲದಲ್ಲಿ ಕಾವಲುಗಾರರು ಉಳಿದರೂ ಮರಳು ತೆಗೆತ ಮತ್ತು ಕೊರೆತದಿಂದ ದಂಡೆ ಕುಗ್ಗಿ ಗೂಡುಗಳ ಸಂಖ್ಯೆ ಇಳಿದದ್ದು ಈ ಮಾತಿಗೆ ನಿದರ್ಶನ. ಮರಳು ಹಿಡಿದಿಡಲೆಂದು ನೆಟ್ಟ ಗಾಳಿಮರಗಳು ನೀರಂಚಿನವರೆಗೂ ಬಂದರೆ ಗೂಡಿಗೆ ಬೇಕಾದ ಬಯಲು ದಂಡೆಯೂ ಕಿರಿದಾಗುತ್ತದೆ.

ಲೆಕ್ಕ ಬದಲಾದದ್ದು ಕಡಲಿನಲ್ಲಿ

1987ರಲ್ಲಿ ಅಮೆರಿಕದ ಡೆಬೊರಾ ಕ್ರೌಸ್, ಲ್ಯಾರಿ ಕ್ರೌಡರ್ ಮತ್ತು ಹಾಲ್ ಕ್ಯಾಸ್ವೆಲ್ ಲಾಗರ್‌ಹೆಡ್ ಆಮೆಗಳ ಜೀವನಚಕ್ರವನ್ನು ಹಂತಗಳಾಗಿ ವಿಂಗಡಿಸಿ ಒಂದು ಗಣಿತ ಮಾದರಿಯನ್ನು ಪ್ರಕಟಿಸಿದರು. ಯಾವ ಹಂತದ ಸಾವನ್ನು ತಡೆದರೆ ಸಂತತಿ ಚೇತರಿಸಿಕೊಳ್ಳುತ್ತದೆ ಎಂಬುದು ಅವರ ಪ್ರಶ್ನೆ. ಎಲ್ಲ ಮೊಟ್ಟೆಗಳೂ ಉಳಿದುಕೊಳ್ಳುವಂತೆ ಮಾಡಿದರೂ ಅದೊಂದರಿಂದಲೇ ಆ ಸಂತತಿಯ ಇಳಿಕೆ ನಿಲ್ಲದು. ಪ್ರಾಯಕ್ಕೆ ಸಮೀಪಿಸುತ್ತಿರುವ ದೊಡ್ಡ ಎಳೆಯಾಮೆಗಳೂ ಪ್ರಾಯದ ಆಮೆಗಳೂ ಕಡಲಿನಲ್ಲಿ ಸಾಯದಂತೆ ನೋಡಿಕೊಂಡರೆ ಮಾತ್ರ ಚೇತರಿಕೆ ಸಾಧ್ಯ ಎಂಬುದು ಉತ್ತರ. ಮೊಟ್ಟೆ ಕಾಯುವುದೇ ಸಂರಕ್ಷಣೆಯೆಂದು ನಂಬಿದ್ದ ಜಗತ್ತಿಗೆ ಇದು ನುಂಗಲಾರದ ಮಾತಾಗಿತ್ತು. ಅದರ ಹಿಂದಿನ ತರ್ಕವಾದರೋ ರೈತನಿಗೂ ತಿಳಿಯುವಂಥದು. ಸಾವಿರ ಮರಿಗಳಲ್ಲಿ ಪ್ರಾಯಕ್ಕೆ ಬರುವುದು ಒಂದೋ ಎರಡೋ. ಆ ಒಂದು ಆಮೆ ಹದಿನೈದು ವರ್ಷ ಉಳಿದು ಮೊದಲ ಮೊಟ್ಟೆಯಿಡುವ ಹೊತ್ತಿಗೆ ಬಲೆಗೆ ಸಿಕ್ಕಿ ಸತ್ತರೆ ಸಾವಿರ ಮರಿಗಳನ್ನು ಕಾಯ್ದ ಶ್ರಮವೂ ಅದರೊಡನೆ ಮುಳುಗುತ್ತದೆ.

ಭಾರತದಲ್ಲಿ ಈ ಪಾಠ ಕಲಿತದ್ದು ಒಡಿಶಾದ ದಂಡೆಯಲ್ಲಿ. ಅಲ್ಲಿ ಮೊದಲ ಆಪತ್ತು ಮಾಂಸದ ವ್ಯಾಪಾರ. 1970ರ ದಶಕದಿಂದ 80ರ ದಶಕದ ಆರಂಭದವರೆಗೆ ಕಡಲಿನಲ್ಲಿಯೇ ಹಿಡಿದ ಆಮೆಗಳು ರೈಲಿನಲ್ಲಿ ಕಲ್ಕತ್ತೆಯ ಮಾರುಕಟ್ಟೆಗೆ ಹೋಗುತ್ತಿದ್ದವು. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಕಡಲಾಮೆಗಳು ಸೇರಿದ್ದು, ಕರಾವಳಿ ಕಾವಲುಪಡೆ ಗಸ್ತಿಗೆ ಇಳಿದದ್ದು ಈ ವ್ಯಾಪಾರವನ್ನು ಬಹುಮಟ್ಟಿಗೆ ನಿಲ್ಲಿಸಿದವು. ಆ ಹೊತ್ತಿಗೆ ಯಾಂತ್ರಿಕ ಟ್ರಾಲರ್ ದೋಣಿಗಳು ಹೆಚ್ಚಿದವು. ಆಮೆ ಶ್ವಾಸಕೋಶದಿಂದ ಉಸಿರಾಡುವ ಜೀವಿ. ಕಡಲತಳದಲ್ಲಿ ಗಂಟೆಗಟ್ಟಲೆ ಎಳೆಯುವ ಬಲೆಯೊಳಗೆ ಸಿಕ್ಕಿಬಿದ್ದರೆ ಅದು ಮೇಲೆ ಬರಲಾರದೆ ಉಸಿರುಗಟ್ಟುತ್ತದೆ. 1990ರ ದಶಕದ ಕೊನೆಯ ವರ್ಷಗಳಲ್ಲಿ ಒಡಿಶಾದ ದಡಕ್ಕೆ ವರ್ಷವೊಂದಕ್ಕೆ 10,000ಕ್ಕೂ ಹೆಚ್ಚು ಸತ್ತ ಆಮೆಗಳು ಬಂದು ಬೀಳುತ್ತಿದ್ದವು. ದಡ ಸೇರದೆ ಮುಳುಗಿದವುಗಳ ಲೆಕ್ಕ ಇದರಲ್ಲಿಲ್ಲ.

ಇದಕ್ಕೆ ಎರಡು ಬಗೆಯ ಪರಿಹಾರಗಳು ಮೂಡಿದವು. ಒಂದು, ಜಾಗ ಮತ್ತು ಕಾಲದ ನಿರ್ಬಂಧ. ಒಡಿಶಾದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ 1982ರಲ್ಲಿ ಬಂದಿತು. 1,435 ಚದರ ಕಿಲೋಮೀಟರು ವ್ಯಾಪ್ತಿಯ ಗಹಿರ್‌ಮಥಾ ಕಡಲ ಅಭಯಾರಣ್ಯ 1997ರಲ್ಲಿ ಘೋಷಣೆಯಾಯಿತು. ಧಾಮ್ರಾ, ದೇವಿ, ಋಷಿಕುಲ್ಯಾ ನದಿಮುಖಗಳ ಎದುರು ನವೆಂಬರ್‌ನಿಂದ ಮೇ ಕೊನೆಯವರೆಗೆ 20 ಕಿಲೋಮೀಟರು ದೂರದವರೆಗೆ ಮೀನುಗಾರಿಕೆಯನ್ನು ನಿಷೇಧಿಸಲಾಗುತ್ತದೆ. ಇನ್ನೊಂದು, ಬಲೆಯೊಳಗೆ ಅಳವಡಿಸುವ ಆಮೆ ಪಾರು ಸಾಧನ. ಓರೆಯಾಗಿ ನಿಲ್ಲಿಸಿದ ಕಂಬಿಗಳ ಚೌಕಟ್ಟು ಸಿಗಡಿಯನ್ನು ಒಳಬಿಟ್ಟು, ಆಮೆಯನ್ನು ತಡೆದು ಬಲೆಯಲ್ಲಿರುವ ಕಿಂಡಿಯಿಂದ ಹೊರಗೆ ಜಾರಿಸುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇಲ್ಲಿಯ ದೋಣಿಗಳಿಗೆ ಹೊಂದುವ ಮಾದರಿಯನ್ನು ರೂಪಿಸಿದೆ. ಸಿಗಡಿಯೊಡನೆ ದೊಡ್ಡ ಮೀನೂ ಹೊರಹೋಗುತ್ತದೆಂಬುದು ಮೀನುಗಾರರ ಆಕ್ಷೇಪ. ಮಿಶ್ರ ಮೀನಿನ ಮಾರಾಟದಿಂದ ಡೀಸೆಲ್ ಖರ್ಚು ತೂಗಿಸುವ ದೋಣಿಗೆ ಆ ನಷ್ಟ ಕ್ಷುಲ್ಲಕವಲ್ಲ.

ಈ ಸಾಧನ ಅಂತರರಾಷ್ಟ್ರೀಯ ವ್ಯಾಜ್ಯಕ್ಕೂ ಕಾರಣವಾಯಿತು. ಆಮೆ ಪಾರು ಸಾಧನ ಬಳಸದ ದೇಶಗಳ ಸಿಗಡಿಯನ್ನು ಅಮೆರಿಕ ತಡೆದಾಗ ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್‌ಗಳು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅದನ್ನು ಪ್ರಶ್ನಿಸಿದವು. 1998ರ ಮೇಲ್ಮನವಿ ತೀರ್ಪು ಪರಿಸರ ರಕ್ಷಣೆಯ ಉದ್ದೇಶವನ್ನು ಒಪ್ಪಿ, ಅದನ್ನು ಜಾರಿಗೆ ತಂದ ತಾರತಮ್ಯದ ಕ್ರಮವನ್ನು ಒಪ್ಪಲಿಲ್ಲ. 2019ರಿಂದ ಭಾರತದ ಕಡಲಿನಲ್ಲಿ ಹಿಡಿದ ಸಿಗಡಿಗೆ ಅಮೆರಿಕದ ಮಾರುಕಟ್ಟೆ ಮತ್ತೆ ಮುಚ್ಚಿತು. ಕೇರಳ, ಕರ್ನಾಟಕಗಳ ಬಂದರುಗಳಲ್ಲಿ ಸಿಗಡಿಯ ಬೆಲೆಗೂ ಆಮೆಯ ಉಳಿವಿಗೂ ಹೀಗೆ ನೇರವಾದ ನಂಟು ಬೆಳೆದಿದೆ.

ಗಡಿಯ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ. ದಡದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ರಾಜ್ಯಗಳ ಅಧಿಕಾರವ್ಯಾಪ್ತಿಗೆ ಸೇರಿದ್ದು. ಮಳೆಗಾಲದ ಟ್ರಾಲಿಂಗ್ ನಿಷೇಧ ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ, ಕೇರಳದಲ್ಲಿ 52 ದಿನ. ತಲಪಾಡಿಯ ಗಡಿಯಾಚೆಗೆ ದಿನಗಳ ಲೆಕ್ಕವೇ ಬದಲಾಗುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಈ ನಿಷೇಧ ಮೀನಿನ ಸಂತಾನಾಭಿವೃದ್ಧಿಯನ್ನು ಲಕ್ಷಿಸಿ ರೂಪುಗೊಂಡದ್ದು. ಪಶ್ಚಿಮ ಕರಾವಳಿಯಲ್ಲಿ ಆಮೆಗಳು ದಡಕ್ಕೆ ಬರುವ ನವೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲ ಮೀನುಗಾರಿಕೆಯ ಭರದ ಕಾಲವೂ ಹೌದು. ಒಡಿಶಾದಂತೆ ನಿರ್ದಿಷ್ಟ ನದಿಮುಖಗಳಲ್ಲಿ ಆಮೆಗಳು ಗುಂಪುಗೂಡದ ಈ ಕರಾವಳಿಗೆ ಒಡಿಶಾದ ನಿರ್ಬಂಧಗಳನ್ನು ಯಥಾವತ್ತಾಗಿ ತರುವುದು ನ್ಯಾಯವೂ ಅಲ್ಲ, ಉಪಯುಕ್ತವೂ ಅಲ್ಲ.

ಅಗತ್ತಿಯ ಪಾಠ

ಸಂರಕ್ಷಣೆಯ ಗೆಲುವೇ ಸಮಸ್ಯೆಯಾಗಿ ಬೆಳೆದ ಪ್ರಸಂಗ ಲಕ್ಷದ್ವೀಪದ ಅಗತ್ತಿಯಲ್ಲಿ ನಡೆಯಿತು. ಹಿಂದೆ ದ್ವೀಪವಾಸಿಗಳು ಹಸಿರು ಕಡಲಾಮೆಯನ್ನು ಹಿಡಿದು ಅದರ ಎಣ್ಣೆಯನ್ನು ದೋಣಿಯ ಮರಕ್ಕೆ ಬಳಿಯುತ್ತಿದ್ದರು. ಕಾಯಿದೆಯ ಬಳಿಕ ಬೇಟೆ ನಿಂತಿತು. ಮುಂದೆ ಅಗತ್ತಿಯ ಲಗೂನಿನಲ್ಲಿ ಆಮೆಗಳು ದಟ್ಟವಾಗಿ ಸೇರಿದವು. ಮೈಸೂರಿನಲ್ಲಿ ನೆಲೆಯುಳ್ಳ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು ಅಲ್ಲಿಯ ಕಡಲಹುಲ್ಲಿನ ಬಯಲುಗಳನ್ನು ಅಳೆದಾಗ ಆಮೆಗಳ ಮೇಯುವಿಕೆಯಿಂದ ಹುಲ್ಲು ಗಿಡ್ಡವಾಗಿ, ವಿರಳವಾಗಿ, ಅದರ ಜಾತಿಗಳೇ ಬದಲಾಗಿದ್ದುದು ಕಂಡುಬಂದಿತು. ಆ ಹುಲ್ಲಿನಲ್ಲಿ ಮರಿ ಬೆಳೆಸುವ ಮೀನುಗಳೂ ಕಡಿಮೆಯಾದವು. ಆಮೆಗಳಿಂದ ತಮ್ಮ ಮೀನು ಹೋಯಿತೆಂದು ಮೀನುಗಾರರು ಹೇಳುತ್ತಿದ್ದ ಮಾತನ್ನು ಅಳತೆಯೂ ಸಮರ್ಥಿಸಿತು. ಹುಲ್ಲು ತೀರಿದಂತೆ ಆಮೆಗಳು ಇತರ ದ್ವೀಪಗಳ ಲಗೂನುಗಳಿಗೆ ಸರಿದವು. ದೂರೂ ಅವುಗಳ ಹಿಂದೆಯೇ ಸರಿಯಿತು.

ಈ ಅಧ್ಯಯನದಿಂದ ಆಮೆಯನ್ನು ಮತ್ತೆ ಬೇಟೆಯಾಡಬೇಕೆಂಬ ತೀರ್ಮಾನ ಹೊರಡುವುದಿಲ್ಲ. ಒಂದು ಜಾತಿ ಚೇತರಿಸಿಕೊಂಡಾಗ ಅದರ ಸುತ್ತಲಿನ ಜೀವಜಾಲವೂ ಜೀವನೋಪಾಯವೂ ಬದಲಾಗುತ್ತವೆ ಎಂಬುದು ಇದರ ತಿರುಳು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2025ರಲ್ಲಿ ಹಸಿರು ಕಡಲಾಮೆಯನ್ನು ಜಾಗತಿಕ ಮಟ್ಟದಲ್ಲಿ ಅಪಾಯದ ಪಟ್ಟಿಯಿಂದ ಕೆಳಗಿಳಿಸಿದೆ. ಚೇತರಿಕೆಯ ಈ ಕಾಲದಲ್ಲಿ ಅಗತ್ತಿಯ ಪ್ರಶ್ನೆ ಇತರ ಕಡೆಗಳಲ್ಲಿಯೂ ಎದುರಾಗಬಹುದು. ಕಾಪಾಡಿದ್ದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ಮರೆತ ಸಂರಕ್ಷಣೆ ತನ್ನ ಕಾವಲುಗಾರರನ್ನೇ ಕಳೆದುಕೊಳ್ಳುತ್ತದೆ.

ತಿಳಿವಿನ ಭಾಷೆ

ಮೇಲಿನ ವಿವರಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಗಹಿರ್‌ಮಥಾವನ್ನು ವಿಜ್ಞಾನ ಅರಿಯುವ ಮೊದಲೇ ದಡದವರು ಅರಿತಿದ್ದರು; ಅಗತ್ತಿಯಲ್ಲಿ ಹುಲ್ಲು ಕಡಿಮೆಯಾದುದನ್ನು ಮೀನುಗಾರರು ಅಳತೆಗೆ ಮುನ್ನವೇ ಹೇಳಿದ್ದರು; ಕೊಳಾವಿಪಾಲ, ತೈಕಡಪ್ಪುರಗಳಲ್ಲಿ ಮೊದಲ ಕಾವಲುಗಾರರು ಸ್ಥಳೀಯರೇ. ಅವರ ಅರಿವು ಅವರವರ ಭಾಷೆಯಲ್ಲಿದೆ. ಅದರಿಂದ ಹುಟ್ಟಿದ ಪ್ರಬಂಧಗಳು ಇಂಗ್ಲಿಷಿನಲ್ಲಿವೆ. ಮೊಟ್ಟೆಯನ್ನು ಎಷ್ಟು ಹೊತ್ತಿನೊಳಗೆ ಒಯ್ಯಬೇಕು, ಮರಳಿನ ಬಿಸಿ ಏನು ಮಾಡುತ್ತದೆ, ಮರಿಯನ್ನು ಏಕೆ ಕಾಯಿಸಿಡಬಾರದು ಎಂಬ ವಿಷಯಗಳು ದಂಡೆಯಲ್ಲಿ ರಾತ್ರಿ ನಡೆಯುವವನಿಗೆ ತಲಪಬೇಕಾದರೆ ಅವು ಕನ್ನಡ, ತುಳು, ಮಲಯಾಳ, ಕೊಂಕಣಿಗಳಲ್ಲಿ ಇರಬೇಕು. ಅನುವಾದದ ಕೊರತೆ ಇಲ್ಲಿ ಬರಿಯ ಸಾಂಸ್ಕೃತಿಕ ಕೊರತೆಯಲ್ಲ. ಅದರ ಪರಿಣಾಮ ಮೊಟ್ಟೆಗಳ ಲೆಕ್ಕದಲ್ಲಿಯೇ ಕಾಣಿಸುತ್ತದೆ.

ಗಡಿನಾಡಿನ ದ್ವಿಭಾಷಿಕ ವಿದ್ವಾಂಸರಿಗೆ ಇಲ್ಲಿ ಮೂರು ಕೆಲಸಗಳು ತೆರೆದಿವೆ. ಮೊದಲನೆಯದು, ಮಂಜೇಶ್ವರದಿಂದ ನೀಲೇಶ್ವರದವರೆಗೆ ಹಾಗೂ ಕಾಣಕೋಣದಿಂದ ಕಾರವಾರದವರೆಗೆ ಹಿರಿಯ ಮೀನುಗಾರರ ನೆನಪುಗಳನ್ನು ಅವರ ನುಡಿಯಲ್ಲಿಯೇ ದಾಖಲಿಸುವುದು: ಯಾವ ದಂಡೆಗೆ ಆಮೆ ಬರುತ್ತಿತ್ತು, ಯಾವಾಗ ನಿಂತಿತು, ಗೋಡೆ ಬರುವ ಮೊದಲು ದಂಡೆ ಎಷ್ಟು ಅಗಲವಿತ್ತು, ಗಾಳಿ, ಒತ್ತು, ಮರಳುಗಳಿಗೆ ಇರುವ ಪದಗಳೇನು. ಹಳೆಯ ಸಮೀಕ್ಷೆಗಳು ವಿರಳವಾಗಿರುವ ಕರಾವಳಿಯಲ್ಲಿ ಇದೇ ಲಭ್ಯವಿರುವ ಮೂಲ ಆಕರ. ಎರಡನೆಯದು, ರಾಜ್ಯದ ಗಡಿಯಲ್ಲಿ ಕೊನೆಗೊಳ್ಳುವ ಗೂಡುಗಳ ದಾಖಲೆಗಳನ್ನು ಒಂದೇ ಮಾದರಿಯ ಪಟ್ಟಿಯಲ್ಲಿ ಜೋಡಿಸುವುದು. ಮೂರನೆಯದು, ಸಂಶೋಧನೆಯ ಫಲಿತವನ್ನು ಅದು ಹುಟ್ಟಿದ ದಡಕ್ಕೆ ಅಲ್ಲಿಯ ಭಾಷೆಯಲ್ಲಿ ಮರಳಿಸುವುದು.

ಗುಹಾಗರದ ಆ ಆಮೆ ಇಟ್ಟ 120 ಮೊಟ್ಟೆಗಳಲ್ಲಿ 107 ಮರಿಗಳು ಕಡಲು ಸೇರಿದವೆಂದು ವರದಿಯಾಯಿತು. ಅವುಗಳಲ್ಲಿ ಒಂದು ಉಳಿದು ಪ್ರಾಯಕ್ಕೆ ಬಂದರೆ ಸುಮಾರು 2040ರ ಹೊತ್ತಿಗೆ ಯಾವುದಾದರೊಂದು ದಂಡೆಯನ್ನು ಏರೀತು. ಆ ದಂಡೆ ಯಾವ ರಾಜ್ಯದ್ದೆಂದು ಇಂದು ಹೇಳಲಾಗದು. ಆದಕಾರಣ ಅಂದು ಅಲ್ಲಿ ಮರಳು ಉಳಿದಿರುವುದು, ಎದುರಿನ ಕಡಲಿನಲ್ಲಿ ಪಾರಾಗುವ ಬಲೆಯಿರುವುದು ಎಲ್ಲ ದಂಡೆಗಳ ಹೊಣೆಯೂ ಆಗಿದೆ.